ನಾನು ರಿಪೇರಿಗೆ ಹೊರಟ ಭಾಷೆ

ಯಾವುದನ್ನು ಕಂಡರೂ ಸರಿಪಡಿಸಬೇಕು ಅನ್ನಿಸುವುದು ನನ್ನ ಹುಟ್ಟುಗುಣ. ನಿಪ್ಪಾಣಿ ಹತ್ತಿರದ ಭೋಜ ಎಂಬ ಊರಿನಲ್ಲಿ ನಮ್ಮದು ಒಕ್ಕಲುತನದ ಜೈನ ಮನೆ. ಅವ್ವ ಅಡಿಗೆಮನೆಯ ಡಬ್ಬಿಗಳನ್ನು ತನ್ನ ಕೈಗೆ ಎಟುಕುವ ಹಾಗೆ ಇಟ್ಟುಕೊಂಡರೆ ನಾನು ಹೋಗಿ ಎತ್ತರದ ಪ್ರಕಾರ ಸಾಲಾಗಿ ಜೋಡಿಸುತ್ತಿದ್ದೆ. ಒಗ್ಗರಣೆಯ ಹೊತ್ತಿಗೆ ಅರಿಷಿಣ ಸಿಗದೆ ಅವ್ವ ನನ್ನ ಬೆನ್ನಿಗೆ ಎರಡು ಬಿಡುತ್ತಿದ್ದಳು. ಏಟು ಬಿದ್ದರೂ ನನ್ನ ಜೋಡಣೆಯೇ ಸರಿ ಎಂಬ ನಂಬಿಕೆ ಅಲ್ಲಾಡುತ್ತಿರಲಿಲ್ಲ. ಗಣಿತ ಓದಿದೆ, ಬಿ.ಎಡ್. ಮುಗಿಸಿದೆ, ಎಂಬತ್ತರ ದಶಕದ ನಡುವಿನಲ್ಲಿ ನಿಪ್ಪಾಣಿಯ ಒಂದು ಹೆಣ್ಣುಮಕ್ಕಳ ಹೈಸ್ಕೂಲಿಗೆ ಟೀಚರಾಗಿ ಬಂದೆ. ಬಂದ ವರ್ಷವೇ ಟೈಮ್‌ಟೇಬಲ್ ತಿದ್ದಿದೆ. ನೀರಿನ ಟಾಕಿ ಕೂಡಿಸಿದ ಜಾಗ ತಪ್ಪು ಎಂದು ಹೆಡ್‌ಮಾಸ್ತರರಿಗೆ ನಕ್ಷೆ ಬರೆದು ಕೊಟ್ಟೆ. ಅವರು ಅದನ್ನು ಮಡಚಿ ಕಿಸೆಯಲ್ಲಿಟ್ಟುಕೊಂಡರು. ಟಾಕಿ ಇದ್ದಲ್ಲೇ ಇತ್ತು.

ಅಂಥ ದಿನಗಳಲ್ಲಿ ಅಂಚೆ ಇಲಾಖೆಯಿಂದ ನಿವೃತ್ತರಾದ ಒಬ್ಬರು ನಮ್ಮ ಶಾಲೆಗೆ ಬಂದು ಹುಡುಗಿಯರಿಗೆ ವಿದೇಶದ ಅಂಚೆಚೀಟಿಗಳನ್ನು ತೋರಿಸಿದರು. ಊರು ಅವರನ್ನು ಪೋಸ್ಟ್‌ಮಾಸ್ತರು ಎಂದೇ ಕರೆಯುತ್ತಿತ್ತು. ಇಷ್ಟೊಂದು ದೇಶದ ಚೀಟಿಗಳು ನಿಮ್ಮ ಕೈಗೆ ಹೇಗೆ ಬಂದವು ಎಂದು ಕೇಳಿದ್ದಕ್ಕೆ ಎಸ್ಪೆರಾಂಟೊ ಎಂಬ ಭಾಷೆಯ ಸುದ್ದಿ ತೆಗೆದರು. ನೂರು ವರ್ಷಗಳ ಹಿಂದೆ ಒಬ್ಬ ಕಣ್ಣಿನ ಡಾಕ್ಟರು ಕೂತು ಕಟ್ಟಿದ ಭಾಷೆಯಂತೆ. ಯಾವ ದೇಶದ್ದೂ ಅಲ್ಲ, ಯಾವ ಧರ್ಮದ್ದೂ ಅಲ್ಲ. ಎಲ್ಲರೂ ಹೊರಗಿನವರಾಗಿಯೇ ಬಂದು ಕಲಿಯಬೇಕು, ಹಾಗಾಗಿ ಯಾರೂ ಯಾರಿಗಿಂತಲೂ ಮೇಲಲ್ಲ.

"ಹದಿನಾರ ನಿಯಮ ಅದಾವ್ರಿ ಟೀಚರ. ಒಂದಕ್ಕೂ ಅಪವಾದ ಇಲ್ಲ" ಅಂದರು.

ಗಣಿತದವಳಿಗೆ ಇದಕ್ಕಿಂತ ದೊಡ್ಡ ಆಸೆ ಯಾರು ತೋರಿಸಬೇಕು? ಮುಂದಿನ ರವಿವಾರ ಬೆಳಗ್ಗೆ ಹತ್ತಕ್ಕೆ ಅವರ ಮನೆಯ ಪಡಸಾಲೆಯಲ್ಲಿ ನಾನಿದ್ದೆ.

ಅಲ್ಲಿ ಏಳೆಂಟು ಜನ ಚಾಪೆಯ ಮೇಲೆ ಕೂತಿದ್ದರು. ಚಿಂಚಲಿಯಿಂದ ಮೊದಲ ಬಸ್ಸಿಗೆ ಬರುವ ಕಬ್ಬಿನ ಗೌಡರು, ಬಾಯಿ ತೆರೆದರೆ ಮನೆಯ ಹಂಚು ಹಾರುವಂಥ ದನಿಯವರು. ಪಕ್ಕದ ಓಣಿಯ ಕಿರಾಣಿ ವ್ಯಾಪಾರಿ, ಮನೆಯಲ್ಲಿ ಮರಾಠಿ, ಅಂಗಡಿಯಲ್ಲಿ ಗಿರಾಕಿಯ ಭಾಷೆ. ಅಥಣಿ ಕಡೆಯ ದ್ರಾಕ್ಷಿ ತೋಟದವರೊಬ್ಬರು ಮತ್ತು ಕಾಗವಾಡದ ಟೇಲರ್ ತಿಂಗಳಿಗೊಮ್ಮೆ ಮುಖ ತೋರಿಸುತ್ತಿದ್ದರು. ಗೋಡೆಯ ಪಕ್ಕದಲ್ಲಿ ನಲವತ್ತೈದು ದಾಟಿದ ಒಬ್ಬ ಹೆಂಗಸು. ಬೀಡಿ ಕಟ್ಟುವ ಕೆಲಸದವರು. ಅವರನ್ನು ಎಲ್ಲರೂ ಮಾವಶಿ, ಮರಾಠಿಯಲ್ಲಿ ಚಿಕ್ಕಮ್ಮ, ಅನ್ನುತ್ತಿದ್ದರು.

ಮೊದಲ ದಿನ ಪ್ರತಿಯೊಬ್ಬರೂ ಈ ಭಾಷೆ ಏಕೆ ಕಲಿಯುತ್ತೇವೆ ಎಂದು ಹೊಸಬರಿಗೆ ಹೇಳುವ ರೂಢಿಯಿತ್ತು. ಗೌಡರು "ಟೈಮ ಪಾಸ್ ಆಗತೈತಿ, ಮತ್ತ ನಮ್ಮನಿಯಾಕಿಗೆ ತಿಳಿಯಂಗಿಲ್ಲ" ಅಂದರು. ವ್ಯಾಪಾರಿ ಅಂಚೆಚೀಟಿಗಾಗಿ ಎಂದು ನೇರವಾಗಿ ಒಪ್ಪಿಕೊಂಡರು. ಮಾವಶಿ ಹೇಳಿದರು:

"ನನ್ನ ತವರಮನಿ ಕಬ್ಬೂರ, ಕನ್ನಡ. ಗಂಡನ ಮನಿ ಇಲ್ಲಿ, ಮರಾಠಿ. ಚಿಕ್ಕೋಡಿ ಕಚೇರಿಗೆ ಹೋದ್ರ ಸಾಹೇಬ, ಕನ್ನಡಾ ಸರಿ ಮಾತಾಡ ಬೇ ಅಂತಾನ. ಕೊಲ್ಲಾಪುರ ದವಾಖಾನಿಗೆ ಹೋದ್ರ ನರ್ಸಬಾಯಿ ನನ್ನ ಮರಾಠಿ ಕೇಳಿ ಸೆರಗ ಮುಚ್ಚಿ ನಗತಾಳ. ಈ ಭಾಷಾ ಇಲ್ಲಿ ಯಾರ ಅವ್ವಂದೂ ಅಲ್ಲ ನೋಡ್ರಿ. ಇಲ್ಲಿ ನನ್ನ ಬಾಯಿ ಯಾರೂ ತಿದ್ದಂಗಿಲ್ಲ."

ನಾನು ತಲೆಯಾಡಿಸಿದೆ. ಪಾಪ ಅನ್ನಿಸಿತು, ನಿಜ. ಆದರೆ ಆಗಲೇ ನನ್ನ ಕಣ್ಣು ಕರಿಹಲಗೆಯ ಮೇಲಿನ ಪದಗಳ ಪಟ್ಟಿಯಲ್ಲಿ ತಪ್ಪು ಹುಡುಕುತ್ತಿತ್ತು.

ಮೂರನೆಯ ರವಿವಾರ ಅದು ಸಿಕ್ಕಿತು. ಈ ಭಾಷೆಯಲ್ಲಿ ತಂದೆ ಎಂಬ ಪದಕ್ಕೆ ಒಂದು ಬಾಲ ಹಚ್ಚಿದರೆ ತಾಯಿ ಆಗುತ್ತಾಳೆ. ಅಣ್ಣನಿಗೆ ಬಾಲ ಹಚ್ಚಿದರೆ ಅಕ್ಕ, ಗಂಡನಿಗೆ ಹಚ್ಚಿದರೆ ಹೆಂಡತಿ. ನನ್ನ ಪಿತ್ತ ನೆತ್ತಿಗೇರಿತು. ಎದ್ದು ನಿಂತೆ. ತಾಯಿಗೆ ಸ್ವಂತದ ಪದ ಬೇಕು, ಇದನ್ನು ಬದಲಿಸಬೇಕು, ಇದರ ಜೊತೆಗೆ ಇನ್ನೂ ನಾಲ್ಕು ತಿದ್ದುಪಡಿಗಳನ್ನು ಯೋಚಿಸಿದ್ದೇನೆ ಎಂದು ಒಂದೇ ಉಸಿರಿನಲ್ಲಿ ಹೇಳಿದೆ. ವಾದಕ್ಕೆ ಸಿದ್ಧಳಾಗಿಯೇ ಬಂದಿದ್ದೆ.

ವಾದ ಯಾರು ಮಾಡಬೇಕು? ಪಡಸಾಲೆಯಲ್ಲಿ ಸಂತೋಷದ ಗದ್ದಲವೆದ್ದಿತು.

"ಬಂತ್ರಿ! ಮೂರನೇ ವಾರಕ್ಕ ಬಂತು!" ಎಂದು ಗೌಡರು ತೊಡೆ ತಟ್ಟಿದರು. "ನನಗ ಐದನೇ ವಾರಕ್ಕ ಬಂದಿತ್ತು."

"ಏನು ಬಂತು?"

"ಮೈಮ್ಯಾಲ ಗೊಬ್ಬರ, ದಡಾರ ಏಳತಾವಲ್ರಿ ಸಣ್ಣ ಹುಡುಗರಿಗೆ? ಹಂಗ. ಹೊಸದಾಗಿ ಕಲಿಯಾವ್ರಿಗೆ ಎಲ್ಲಾರಿಗೂ ಏಳತೈತಿ. ಒಂದ್ಸಲ ಬಂದ ಹೋದ್ರ ಚಲೋ."

ಅಲ್ಲಿನ ಕಟ್ಟಳೆ ಹೀಗಿತ್ತು. ಭಾಷೆಯನ್ನು ತಿದ್ದಬೇಕು ಎಂದು ಮೊದಲ ಸಲ ಹೇಳಿದವರು ಅವತ್ತು ಎಲ್ಲರಿಗೂ ಭಡಂಗ ತರಿಸಬೇಕು, ನಮ್ಮ ಕಡೆಯ ಆ ಖಾರದ ಚುರುಮುರಿಯನ್ನು. ಆಮೇಲೆ ಪೋಸ್ಟ್‌ಮಾಸ್ತರರ ಕಪಾಟಿನಲ್ಲಿದ್ದ ಉದ್ದನೆಯ ನೋಟ್‌ಬುಕ್ಕಿನಲ್ಲಿ ತಮ್ಮ ತಿದ್ದುಪಡಿಯನ್ನು ತಮ್ಮ ಕೈಯಾರೆ ಬರೆದು ಸಹಿ ಹಾಕಬೇಕು. ಬೇರೆ ದೇಶದ ಜನರಿಗೆ ಇಪ್ಪತ್ತೈದು ಕಾಗದ ಬರೆದು, ಇಪ್ಪತ್ತೈದಕ್ಕೂ ಉತ್ತರ ತರಿಸಿಕೊಂಡ ಮೇಲೆ ಬಂದು ಆ ಪುಟ ತೆರೆಯಬಹುದು. ಆಗ ಎಲ್ಲರೂ ಕೂತು ಗಂಭೀರವಾಗಿ ಚರ್ಚಿಸುವುದು. ಅಲ್ಲಿಯವರೆಗೆ ಇದ್ದ ಹಾಗೆಯೇ ಕಲಿಯುವುದು.

ನಾನು ಆ ನೋಟ್‌ಬುಕ್ಕನ್ನು ತಿರುವಿ ಹಾಕಿದೆ. ಮೊದಲ ಪುಟದಲ್ಲಿ ಪೋಸ್ಟ್‌ಮಾಸ್ತರರದೇ ತಿದ್ದುಪಡಿ, ತಲೆಯ ಮೇಲೆ ಟೊಪ್ಪಿಗೆಯಂಥ ಗುರುತು ಹೊತ್ತ ಅಕ್ಷರಗಳನ್ನು ತೆಗೆಯಬೇಕೆಂದು. ಗೌಡರದು ಕ್ರಿಯಾಪದದ ಮೇಲೆ. ವ್ಯಾಪಾರಿಯದು ಅಂಕಿಗಳ ಮೇಲೆ. ತಂದೆ-ತಾಯಿ ಪದಗಳ ಬಗೆಗಿನ ನನ್ನ ತಕರಾರನ್ನು ನನಗಿಂತ ಮೊದಲೇ ಇಬ್ಬರು ಬರೆದಿಟ್ಟಿದ್ದರು, ಅವರಲ್ಲೊಬ್ಬರು ಗಂಡಸು. ಯಾವ ಪುಟವನ್ನೂ ಯಾರೂ ಮತ್ತೆ ತೆರೆಸಿರಲಿಲ್ಲ. ಮಾವಶಿಯ ಹೆಸರಿನಲ್ಲಿ ಮಾತ್ರ ಒಂದು ಪುಟವೂ ಇರಲಿಲ್ಲ. ಯಾಕೆ ಎಂದು ಕೇಳಿದೆ.

"ಇದ್ದದ್ದ ಕಲಿಯಾಕ ಬಂದೀನ್ರಿ ಬಾಯಿ" ಅಂದರು, ಭಡಂಗ ತಿನ್ನುತ್ತಾ. ನಮ್ಮ ಕಡೆ ಟೀಚರಮ್ಮನನ್ನು ಬಾಯಿ ಎಂದೇ ಕರೆಯುವುದು.

ಯೋಚಿಸುವ ಶಕ್ತಿ ಕಡಿಮೆ ಇರಬೇಕು ಎಂದುಕೊಂಡೆ. ಇದನ್ನು ಬರೆಯುವಾಗ ಈಗಲೂ ಕಿವಿ ಬಿಸಿಯಾಗುತ್ತದೆ, ಆದರೆ ಹಾಗೆಯೇ ಅಂದುಕೊಂಡೆ.

ಪೋಸ್ಟ್‌ಮಾಸ್ತರರು ನನ್ನನ್ನು ಬಾಗಿಲವರೆಗೆ ಕಳಿಸಲು ಬಂದರು. ನನ್ನ ಮುಖ ಊದಿಕೊಂಡದ್ದು ಅವರಿಗೆ ಕಂಡಿತ್ತು.

"ಬೇಜಾರ ಆಗಬ್ಯಾಡ್ರಿ. ನಿಮ್ಮ ತಕರಾರು ಖರೇನ ಐತಿ. ಆದ್ರ ಒಂದ ಮಾತ ತಿಳಕೋರ್ರಿ. ನಲವತ್ತ ವರ್ಷ ಕಾಗದ ಹಂಚೀನಿ. ಒಬ್ಬೊಬ್ಬರೂ ತಮ್ಮ ಓಣಿ ಹೆಸರು ತಮಗ ಬೇಕಾದಂಗ ಬದಲಿಸಿಕೊಂಡ ಕೂತ್ರ ನಾ ಕಾಗದ ಯಾರಿಗೆ ಮುಟ್ಟಸ್ಲಿ?"

ಉತ್ತರ ಸರಿಯಾಗಿತ್ತು. ಅದೇ ನನಗೆ ಇನ್ನಷ್ಟು ಸಿಟ್ಟು ತರಿಸಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಇವರು ನನ್ನ ವಿಚಾರವನ್ನು ಹುಡುಗರ ಜಡ್ಡಿನಂತೆ ನೋಡಿ, ಭಡಂಗ ತಿಂದು, ಕೈ ಒರೆಸಿಕೊಂಡಿದ್ದರು. ಮುಂದೆ ತೊಂಬತ್ತರ ದಶಕದಲ್ಲಿ ಚಿಕ್ಕೋಡಿಗೆ ವರ್ಗವಾಗಿ ನಾನೇ ನಾಲ್ಕು ಜನರಿಗೆ ಈ ಭಾಷೆ ಹೇಳಿಕೊಡುವಾಗ, ಮೂರನೆಯದೋ ನಾಲ್ಕನೆಯದೋ ವಾರಕ್ಕೆ ಒಬ್ಬ ಕಾಲೇಜು ಹುಡುಗಿ ಕೆಂಪು ಮುಖ ಮಾಡಿಕೊಂಡು ಎದ್ದು ನಿಂತಳು. ನನಗೂ ನಗು ತಡೆಯಲಾಗಲಿಲ್ಲ. ಆ ನಗುವಿನಲ್ಲಿ ಅವಮಾನ ಮಾಡುವ ಉದ್ದೇಶ ಚೂರೂ ಇರುವುದಿಲ್ಲ ಎಂದು ಆಗ ತಿಳಿಯಿತು. ಎದ್ದು ನಿಂತವರಿಗೆ ಮಾತ್ರ ಅದು ತಿಳಿಯುವುದಿಲ್ಲ.

ನಾನಂತೂ ಕಾಗದ ಬರೆಯಲಿಲ್ಲ. ಇಪ್ಪತ್ತೈದಿರಲಿ, ಒಂದನ್ನೂ ಬರೆಯಲಿಲ್ಲ. ತಪ್ಪಿರುವ ಭಾಷೆಯಲ್ಲಿ ಏಕೆ ಬರೆಯಬೇಕು ಎಂಬ ಹಟ. ಬದಲಿಗೆ ನಿಯಮಗಳನ್ನೆಲ್ಲ ಬಾಯಿಪಾಠ ಮಾಡಿದೆ, ಶಬ್ದಕೋಶವನ್ನು ಅರೆದು ಕುಡಿದೆ. ಆರು ತಿಂಗಳಲ್ಲಿ ನಿಯಮದ ವಿಷಯದಲ್ಲಿ ಪೋಸ್ಟ್‌ಮಾಸ್ತರರೂ ನನ್ನನ್ನೇ ಕೇಳತೊಡಗಿದರು. ಮಾವಶಿಗೆ ನಿಯಮದ ಹೆಸರುಗಳು ಬರುತ್ತಿರಲಿಲ್ಲ. ಆದರೆ ಅವರು ಮಾತಾಡುತ್ತಿದ್ದರು. ಮಾತಾಡುವಾಗ ಅವರ ಬೆರಳುಗಳು ಮಡಿಲಲ್ಲಿ ಇಲ್ಲದ ಬೀಡಿ ಸುತ್ತುತ್ತಿರುತ್ತಿದ್ದವು. ಮಂಜು ಬೀಳುವ ಯಾವುದೋ ದೇಶದ ಒಬ್ಬ ಮುದುಕಿ, ಬಟ್ಟೆಗಿರಣಿಯಲ್ಲಿ ನೇಯುತ್ತಿದ್ದವಳು, ಅವರ ಪತ್ರದ ಗೆಳತಿ. ಆ ಗೆಳತಿಯ ಕಾಗದ ಬಂದ ರವಿವಾರ ಮಾವಶಿ ಅದನ್ನು ಗಟ್ಟಿಯಾಗಿ ಓದಿ ನಮಗೆಲ್ಲ ಕೇಳಿಸುತ್ತಿದ್ದರು.

ದೀಪಾವಳಿಯ ನಂತರ ಬಂದ ಕಾಗದದಲ್ಲಿ ಒಂದು ಬೇಡಿಕೆಯಿತ್ತು. ಅವರ ಊರಿನ ಎಸ್ಪೆರಾಂಟೊ ಬಳಗ ಪುಟ್ಟ ಪತ್ರಿಕೆಯೊಂದನ್ನು ತರುತ್ತದೆ, ಮುಂದಿನ ಸಂಚಿಕೆ ಹೆಂಗಸರ ದುಡಿಮೆಯ ಕುರಿತು, ನೀನು ನಿನ್ನ ಒಂದು ದಿನದ ಕೆಲಸ ಬರೆದು ಕಳಿಸು ಎಂದು. ಹೋಳಿ ಹುಣ್ಣಿಮೆಗಿಂತ ಮೊದಲು ಬರಹ ಇಲ್ಲಿಂದ ಹೊರಡಬೇಕಿತ್ತು. ಏಳನೆಯ ಇಯತ್ತೆಗೆ ಶಾಲೆ ಬಿಟ್ಟ ಮಾವಶಿ ಅದನ್ನು ಓದಿ ಮುಗಿಸಿ ಕಾಗದವನ್ನು ಎದೆಗೊತ್ತಿಕೊಂಡರು. "ನಾ ಬರೀತೀನಿ. ನಾನ ಬರೀತೀನಿ" ಎಂದು ಎರಡು ಸಲ ಹೇಳಿದರು. ಗೌಡರು ಎದ್ದು ನಿಂತು ಚಪ್ಪಾಳೆ ಹೊಡೆದರು. ಮಾವಶಿಯ ಬದುಕಿನಲ್ಲಿ ಸ್ವಂತ ಹೆಸರಿನಲ್ಲಿ ಅಚ್ಚಾಗುವ ಮೊದಲ ಮಾತು ಅದಾಗಲಿತ್ತು.

ಸಂಕ್ರಾಂತಿಯ ಹೊತ್ತಿಗೆ ಪೋಸ್ಟ್‌ಮಾಸ್ತರರಿಗೆ ಕಣ್ಣಿನ ಪೊರೆ ತೆಗೆಸುವುದಿತ್ತು. ಹೆಂಡತಿಯನ್ನು ಕರೆದುಕೊಂಡು ಬೆಳಗಾವಿಯ ಮಗಳ ಮನೆಗೆ ಎರಡು ತಿಂಗಳು ಹೊರಟರು. ಕೀಲಿಯನ್ನು ವ್ಯಾಪಾರಿಯ ಕೈಗೆ, ಪಾಠವನ್ನು ನನ್ನ ಕೈಗೆ ಕೊಟ್ಟರು.

"ನಿಯಮಾ ನಿಮಗ ಚಲೋ ಬರತಾವ. ನಡಸ್ರಿ. ಮಾವಶಿ ಬರೆಯೋದು ಮುಗೀತಂದ್ರ ಪಾಕೀಟ ಹಾಕಿ ಕಳಸ್ರಿ, ಅಷ್ಟ" ಅಂದರು.

ಅಷ್ಟೇ ಮಾಡಿದ್ದರೆ ಈ ಕಥೆ ಇರುತ್ತಿರಲಿಲ್ಲ. ನಾನು ಮೊದಲ ವಾರವೇ ಹೊಸ ವಿಚಾರ ಬಿಚ್ಚಿದೆ. ಈ ಭಾಷೆ ಎಲ್ಲರದೂ ಅನ್ನುತ್ತೀರಿ, ಆದರೆ ಪದಗಳೆಲ್ಲ ಯುರೋಪಿನವು. ನಮ್ಮದು ಎಲ್ಲಿದೆ? ಬೇರೆಯವರು ಕೊಡುವವರೆಗೆ ಏಕೆ ಕಾಯಬೇಕು, ನಾವೇ ನಮ್ಮ ಪದಗಳನ್ನು ಅದರೊಳಗೆ ಹಾಕೋಣ. ಹದಿನಾರು ನಿಯಮ ಹಾಗೇ ಇರಲಿ, ಪದ ಮಾತ್ರ ನಮ್ಮವು. ಮಾತು ಚೆನ್ನಾಗಿಯೇ ಇತ್ತು, ಈಗಲೂ ಆ ತಕರಾರು ಸುಳ್ಳು ಎಂದು ನಾನು ಹೇಳುವುದಿಲ್ಲ. ಗೌಡರ ಎದೆ ಉಬ್ಬಿತು, ವ್ಯಾಪಾರಿಯ ಕಣ್ಣುಗಳು ಮಿಂಚಿದವು. ಇಪ್ಪತ್ತೈದು ಕಾಗದದ ಕಟ್ಟಳೆಯನ್ನು ಯಾರೂ ನೆನಪಿಸಲಿಲ್ಲ. ಮಾವಶಿ ಮಾತ್ರ ಕೇಳಿದರು: "ಮಾಸ್ತರು ಬರೂತನಕ ತಡಿಯೂದಲ್ಲೇನ್ರಿ?" ಅವರು ಬರುವಷ್ಟರಲ್ಲಿ ಮುಗಿಸಿ ತೋರಿಸೋಣ ಎಂದೆ.

ನಮ್ಮದು ಎಂದೆನಲ್ಲ, ಯಾರದು ನಮ್ಮದು? ಅದನ್ನು ಯೋಚಿಸಿರಲಿಲ್ಲ. ಗಡಿ ಜಗಳದಲ್ಲಿ ಊರಿನ ಬೋರ್ಡುಗಳ ಮೇಲೆ ಒಂದು ವಾರ ಕನ್ನಡದವರು, ಇನ್ನೊಂದು ವಾರ ಮರಾಠಿಯವರು ಡಾಂಬರು ಬಳಿಯುತ್ತಿದ್ದ ದಿನಗಳು ಅವು. ಆ ಗಲಾಟೆಯೆಲ್ಲ ಹೊಸ್ತಿಲಾಚೆ ಬಿಟ್ಟು ಬಂದು ಕೂರುವ ಒಂದೇ ಪಡಸಾಲೆ ಅದಾಗಿತ್ತು. ನಾನು ಅದರೊಳಕ್ಕೆ ಆ ಗಲಾಟೆಯನ್ನು ಕೈ ಹಿಡಿದು ಕರೆತಂದೆ.

ಗೌಡರು ಎಲ್ಲ ಪದ ಕನ್ನಡದ್ದಾಗಲಿ ಎಂದರು. ವ್ಯಾಪಾರಿ ಅರ್ಧ ಮರಾಠಿ ಬೇಕು ಎಂದರು. ಅಣ್ಣತಮ್ಮಂದಿರು ಹೊಲ ಹಂಚಿಕೊಳ್ಳುವ ಹಾಗೆ ಪದ ಹಂಚಲು ಕೂತೆವು. ಹೊಲದ ಪದಗಳು ಕನ್ನಡಕ್ಕೆ, ಪೇಟೆಯ ಪದಗಳು ಮರಾಠಿಗೆ ಎಂದು ಒಪ್ಪಂದವಾಯಿತು. ಎತ್ತು, ನೇಗಿಲು, ಬಾವಿ ಸಲೀಸಾಗಿ ಹೋದವು. ತಕ್ಕಡಿ, ಗೋಣಿಚೀಲ, ಗಿರಾಕಿ ಆ ಕಡೆ ಹೋದವು. ಬೆಲ್ಲಕ್ಕೆ ಬಂದು ಗಾಡಿ ನಿಂತಿತು.

"ಗಾಣಾ ನಂದು, ಕಬ್ಬ ನಂದು. ಬೆಲ್ಲಾ ಹೆಂಗ ನಿಂದಾಗತೈತಿ?" ಗೌಡರ ದನಿಗೆ ಬೀದಿಯ ನಾಯಿ ಎದ್ದು ಹೋಯಿತು.

"ಗಾಣದಾಗ ಇರೂತನಕ ನಿಮ್ದು. ಪ್ಯಾಟಿಗೆ ಬಂದ್ರ ಮರಾಠಿ ಗೂಳ. ಗೂಳ ಅಂದ್ರನ ವಿಕ್ರಿ ಆಗೂದು."

ಎರಡು ರವಿವಾರ ಬೆಲ್ಲದ ಮೇಲೆ ಹೋದವು. ಕೊನೆಗೆ ನಾನು ಗಣಿತದ ಬುದ್ಧಿ ಓಡಿಸಿ ತೀರ್ಪು ಕೊಟ್ಟೆ: ಒಂದು ಮುದ್ದೆಯಿದ್ದರೆ ಕನ್ನಡ ಪದ, ಒಂದಕ್ಕಿಂತ ಹೆಚ್ಚಿದ್ದರೆ ಮರಾಠಿ ಪದ. ಅದನ್ನು ಇಬ್ಬರೂ ಒಪ್ಪಿದರು! ಭೂಮಿಯ ಮೇಲೆ ಗಡಿಭಾಗದವರನ್ನು ಬಿಟ್ಟು ಬೇರೆ ಯಾರೂ ಇಂಥದನ್ನು ನ್ಯಾಯ ಎಂದು ಒಪ್ಪುವುದು ಸಾಧ್ಯವಿಲ್ಲ. ನನಗೆ ನನ್ನ ಮೇಲೆ ಎಲ್ಲಿಲ್ಲದ ಹೆಮ್ಮೆಯಾಯಿತು. ಇನ್ನೂರು ಪದಗಳ ಪಟ್ಟಿಯನ್ನು ಶಾಲೆಯ ಸೈಕ್ಲೋಸ್ಟೈಲ್ ಯಂತ್ರದಲ್ಲಿ ತೆಗೆಸಿ ಎಲ್ಲರಿಗೂ ಹಂಚಿದೆ.

ಆ ಪಟ್ಟಿ ಹಂಚಿದ ದಿನವೇ ಮಾವಶಿ ತಮ್ಮ ಬರಹ ತಂದಿದ್ದರು. ಐದು ಹಾಳೆ, ಎರಡೂ ಕಡೆ, ಉರುಟು ಅಕ್ಷರ. ಬೆಳಗ್ಗೆ ಎಲೆ ನೆನೆಯಿಟ್ಟಲ್ಲಿಂದ ಸಂಜೆ ಕಟ್ಟುಗಳನ್ನು ಕಾರ್ಖಾನೆಗೆ ಒಯ್ದು ತೋರಿಸುವವರೆಗೆ ಇಡೀ ದಿನ ಅದರಲ್ಲಿತ್ತು. "ನೋಡಿ ಕೊಡ್ರಿ ಬಾಯಿ, ಪಾಕೀಟ ಮಾಡೂಣು" ಎಂದರು. ನಾನು ಮನೆಗೆ ಒಯ್ದೆ. ಅವರ ಬರಹದಲ್ಲಿ ದೊಡ್ಡ ತಪ್ಪುಗಳು ಇರಲಿಲ್ಲ. ಆದರೆ ನನ್ನ ಇನ್ನೂರು ಪದಗಳಲ್ಲಿ ಒಂದೂ ಇರಲಿಲ್ಲ. ಇಡೀ ಸಂಜೆ ಕೂತು ಅವರ ಪದ ಹೊಡೆದು ನನ್ನ ಪದ ಬರೆದೆ. ಎಲೆ, ದಾರ, ತಂಬಾಕು, ಕತ್ತರಿ, ಬುಟ್ಟಿ. ಅವರ ಒಂದು ಸಾಲು ನನಗೆ ಬಹಳ ಹಿಡಿಸಿತ್ತು, ಅದರಲ್ಲೂ ಮೂರು ಪದ ಹೊಡೆದೆ. ಪುಟಗಳು ಕೆಂಪಾದವು. ಮುಂದಿನ ವಾರ ಅವನ್ನು ಅವರ ಕೈಗಿಟ್ಟು, "ಚೆಂದ ಬರೆದೀರಿ ಮಾವಶಿ. ಹೀಗೆ ಇನ್ನೊಮ್ಮೆ ತೆಗೆದು ಬರೆದುಬಿಡಿ" ಎಂದು ಅವರ ಬೆನ್ನು ತಟ್ಟುವವಳ ಹಾಗೆ ಹೇಳಿದೆ.

ಮಾವಶಿ ಒಂದೊಂದೇ ಹಾಳೆ ತಿರುವಿದರು. ಐದನೆಯ ಹಾಳೆ ನೋಡಿ, ಐದನ್ನೂ ಸೇರಿಸಿ ಮಡಚಿ ಚೀಲದಲ್ಲಿಟ್ಟುಕೊಂಡರು. ನಾನು ಕರಿಹಲಗೆಯ ಕಡೆಗೆ ತಿರುಗಿದೆ.

ಅದರ ಮುಂದಿನ ರವಿವಾರ ಅವರು ಬರಲಿಲ್ಲ. ಅದರ ಮುಂದಿನದಕ್ಕೂ ಬರಲಿಲ್ಲ. ಬೀಡಿಯ ಕೆಲಸ ಹೆಚ್ಚಿರಬೇಕು ಎಂದೆ. ಆಗ ಬೆಳಗಾವಿಯಿಂದ ಪೋಸ್ಟ್‌ಮಾಸ್ತರರು ಮಗಳ ಕೈಯಲ್ಲಿ ಬರೆಸಿದ ಕಾರ್ಡು ಬಂತು. ಶಸ್ತ್ರಕ್ರಿಯೆ ಚೆನ್ನಾಗಿ ಆಗಿದೆ, ಹೋಳಿ ಹತ್ತಿರ ಬಂತು, ಮಾವಶಿಯ ಬರಹ ಹೋಯಿತೇ? ಮೂರೇ ಸಾಲು. ಆ ಮೂರನೆಯ ಸಾಲು ಓದಿದಾಗ ಮೊದಲ ಬಾರಿಗೆ ನನ್ನ ತಲೆಗೆ ಹೊಳೆದದ್ದು ಇಷ್ಟು: ಆ ಪತ್ರಿಕೆ ಓದುವ ನೇಕಾರ ಮುದುಕಿಗೆ ನಮ್ಮ ಇನ್ನೂರು ಪದಗಳಲ್ಲಿ ಒಂದಾದರೂ ಗೊತ್ತೇ? ನಾನು ಯಾರಿಗೂ ಒಂದು ಕಾಗದ ಬರೆದವಳಲ್ಲ. ಓದುವವರೊಬ್ಬರು ಆ ತುದಿಯಲ್ಲಿ ಇರುತ್ತಾರೆ ಎಂಬುದೇ ನನ್ನ ಲೆಕ್ಕದಲ್ಲಿ ಬಂದಿರಲಿಲ್ಲ.

ಮರುದಿನ ಶಾಲೆ ಬಿಟ್ಟವಳೇ ಅವರ ಮನೆ ಹುಡುಕಿಕೊಂಡು ಹೋದೆ. ತಗಡಿನ ಮನೆ, ಅಂಗಳದಲ್ಲಿ ಬೇವಿನ ಗಿಡ. ಮಾವಶಿ ಹೊಸ್ತಿಲಲ್ಲಿ ಕೂತು ಮೊಣಕಾಲ ಮೇಲಿನ ಮೊರದಲ್ಲಿ ಬೀಡಿ ಸುತ್ತುತ್ತಿದ್ದರು. ಮೊರದ ತಂಬಾಕು ಗಾಳಿಗೆ ಹಾರದಂತೆ ಮೇಲೆ ಕಾಗದ ಮುಚ್ಚಿದ್ದರು. ಅದು ನನ್ನ ಕೆಂಪು ಹಾಳೆ.

"ಬರ್ರಿ ಬಾಯಿ" ಎಂದು ಮಣೆ ಸರಿಸಿದರು. ಕೈ ನಿಲ್ಲಲಿಲ್ಲ.

ನಾನು ಕೂರುವ ಮೊದಲೇ ಹೇಳಿಬಿಟ್ಟೆ. ತಪ್ಪು ಮಾಡಿದ್ದೇನೆ, ಆ ಹಾಳೆಗಳನ್ನು ಕೊಡಿ, ಇವತ್ತೇ ಕೂತು ನಿಮ್ಮ ಪದಗಳನ್ನೇ ಮತ್ತೆ ಬರೆದು, ನಾಳೆ ನಾನೇ ಅಂಚೆಗೆ ಹಾಕುತ್ತೇನೆ, ಇನ್ನೂ ದಿನ ಇದೆ ಎಂದೆ.

"ಅದು ಹೋಗಿ ಹದಿನೈದ ದಿನಾ ಆತು."

"ಯಾವುದು?"

"ನಾ ಬರೆದದ್ದು. ನೀವು ಕೊಟ್ಟ ದಿನಾನ ಮನಿಗೆ ಬಂದು ಮೊದಲಿಂದ ಮತ್ತ ಬರದ್ನಿ. ನಿಮ್ಮ ಕೆಂಪಿನ್ಯಾಗ ನನ್ನದು ಕಾಣಸಲಿಲ್ಲ, ಅದಕ್ಕ ನೆನಪಿನಿಂದ ಬರದ್ನಿ. ಮುಂಜಾನೆ ಎದ್ದು ಪೋಸ್ಟಿಗೆ ಹಾಕಿದ್ನಿ."

ನನಗೆ ಅಳು ಬರುವಷ್ಟು ಹಗುರವಾಯಿತು. ಹಾಗಾದರೆ ಎಲ್ಲ ಸರಿಯಾಯಿತಲ್ಲ, ತರಗತಿಗೆ ಯಾಕೆ ಬರುತ್ತಿಲ್ಲ ಎಂದು ಕೇಳಿದೆ. ಆಗ ಅವರ ಕೈ ನಿಂತಿತು.

"ಬಾಯಿ, ದಿನಾ ಸಂಜಿಕೆ ಕಾರ್ಖಾನ್ಯಾಗ ಚೆಕ್ಕರ ಕುಂತಿರ್ತಾನ. ನಾ ಕಟ್ಟಿದ ಬೀಡಿ ಒಂದೊಂದು ತಗದ ನೋಡತಾನ. ಇದು ಸಡ್ಲ, ಇದು ಗಿಡ್ಡ ಅಂತ ನನ್ನ ಕಣ್ಣ ಮುಂದ ಮುರದ ಒಗೀತಾನ. ಮೂವತ್ತ ವರ್ಷಾತು. ಕಚೇರ್ಯಾಗ ಒಬ್ಬ ಚೆಕ್ಕರ, ದವಾಖಾನ್ಯಾಗ ಒಬ್ಬಾಕಿ ಚೆಕ್ಕರ, ಮನ್ಯಾಗ ಅತ್ತಿ ಇದ್ಲು. ರವಿವಾರ ಎರಡ ತಾಸ ಚೆಕ್ಕರ ಇಲ್ಲದ ಜಾಗಾ ಒಂದ ಸಿಕ್ಕಿತ್ತು. ನೀವು ಅಲ್ಲೂ ಬಂದ ಕುಂತ್ರಿ."

ಸತ್ಯವಾಗಿ ಹೇಳಬೇಕೆಂದರೆ, ಹಿಂದೆಂದೂ ಆಗದಷ್ಟು ನಾಚಿಕೆಯಾಯಿತು.

ಮಾವಶಿ ನನ್ನ ಮುಖ ನೋಡಿದರು. ಆಮೇಲೆ ಅವರ ತುಟಿಯ ಮೇಲೆ ಒಂದು ನಗು ಬಂತು, ಗೆದ್ದವರ ನಗು.

"ಆದ್ರ ಒಂದ ಹೇಳ್ತೀನಿ. ಅವತ್ತ ನಿಮ್ಮ ಹಾಳಿ ನೋಡಿ ಮೊದಲ ಎದಿ ಒಡೀತು. ಬಸಸ್ಟ್ಯಾಂಡತನಕ ಬರೂದ್ರಾಗ ಒಂದೊಂದ ಶಬ್ದಾ ಬಾಯಾಗ ಹೇಳಿ ನೋಡಿದ್ನಿ. ಇದು ನನ್ನ ಗೆಳತಿಗೆ ತಿಳಿಯಂಗಿಲ್ಲ, ಇದೂ ತಿಳಿಯಂಗಿಲ್ಲ. ನಾ ಬರೆದದ್ದ ಸರಿ ಐತಿ. ತಿದ್ದಿದವ್ರದ ತಪ್ಪೈತಿ ಅಂತ ನನಗ ಗೊತ್ತಾಗಿದ್ದು, ನನ್ನ ಜನ್ಮದಾಗ ಅದ ಮೊದಲ್ನೇ ಸಲ."

ಅದನ್ನು ಕೇಳಿ ನನಗೆ ನಾಚಿಕೆಯ ಜೊತೆಗೇ ಸಂತೋಷವಾಯಿತು. ಎರಡೂ ಒಟ್ಟಿಗೆ ಆಗುವುದು ಸಾಧ್ಯ ಎಂದು ಅಲ್ಲಿಯವರೆಗೆ ತಿಳಿದಿರಲಿಲ್ಲ. ಬರುವ ರವಿವಾರ ಬನ್ನಿ ಎಂದು ಕೈ ಮುಗಿದು ಕೇಳಿದೆ. ಪಟ್ಟಿಗಳನ್ನೆಲ್ಲ ವಾಪಸು ಇಸಿದುಕೊಳ್ಳುತ್ತೇನೆ ಎಂದೆ.

"ಬರ್ತೀನಿ. ಆದ್ರ ಪಾಠಾ ನೀವು ಹೇಳಬ್ಯಾಡ್ರಿ."

"ಮತ್ತೆ ಯಾರು ಹೇಳಬೇಕು?"

"ಯಾರ ಕಾಗದಾ ಬರದಾರ, ಅವ್ರು."

ಗೌಡರಿಗೂ ವ್ಯಾಪಾರಿಗೂ ನಾನೇ ಹೋಗಿ ಹೇಳಿದೆ. ಬೆಲ್ಲದ ತೀರ್ಪು ರದ್ದಾದದ್ದಕ್ಕೆ ಇಬ್ಬರೂ ಒಂದು ಗಳಿಗೆ ಮುಖ ಸಣ್ಣ ಮಾಡಿದರು, ಆಮೇಲೆ ಹಗುರಾದವರಂತೆ ಕಂಡರು. ಆ ರವಿವಾರ ಹತ್ತು ಗಂಟೆಗೆ ಮಾವಶಿ ಒಗೆದ ಸೀರೆ ಉಟ್ಟು ಬಂದು ಪೋಸ್ಟ್‌ಮಾಸ್ತರರ ಕುರ್ಚಿಯ ಮೇಲೆ ಕೂತರು. ಕೂತವರು ಒಮ್ಮೆ ಎದ್ದು, ಸೆರಗು ಸರಿಪಡಿಸಿಕೊಂಡು, ಮತ್ತೆ ಗಟ್ಟಿಯಾಗಿ ಕೂತರು. ನಾನು ಗೋಡೆಯ ಪಕ್ಕದಲ್ಲಿ ಚಾಪೆಯ ಮೇಲೆ ಕೂತೆ.

ಅವರು ನಿಯಮ ಹೇಳಲಿಲ್ಲ. ಗೆಳತಿಯ ಹಳೆಯ ಕಾಗದ ಒಂದನ್ನು ತೆಗೆದು ಮೊದಲು ನನ್ನ ಕೈಗೇ ಕೊಟ್ಟು ಓದಲು ಹೇಳಿದರು. ಹದಿನಾರು ನಿಯಮಗಳನ್ನು ನಿದ್ದೆಯಲ್ಲೂ ಒಪ್ಪಿಸಬಲ್ಲ ನಾನು ಒಂದು ಜೀವಂತ ಕಾಗದವನ್ನು ಗಟ್ಟಿಯಾಗಿ ಓದಿದ್ದು ಅದೇ ಮೊದಲು. ಆ ಮುದುಕಿ ತನ್ನ ಊರಿನ ಚಳಿ, ನೋಯುವ ಮಂಡಿ, ನಿಂತುಹೋದ ಮಗ್ಗ ಎಲ್ಲ ಬರೆದಿದ್ದಳು. ಎರಡನೆಯ ಸಾಲಿನಲ್ಲೇ ನಾನು ಎಡವಿದೆ. ಗೌಡರು ಹೇಳಿಕೊಡಲು ಬಾಯಿ ತೆರೆದರು. ಮಾವಶಿ ಕೈ ಎತ್ತಿ ಅವರನ್ನು ತಡೆದರು.

ನನ್ನನ್ನು ಅವರು ತಿದ್ದಲಿಲ್ಲ. ಮಡಿಲಲ್ಲಿ ಕೈಯಿಟ್ಟುಕೊಂಡು ಕಾದರು. ನಾನು ಆ ಸಾಲನ್ನು ಮತ್ತೆ ಮೊದಲಿನಿಂದ ಓದಿದೆ.